ಕಡತದ ಬೀಗ ಯಾರದು? — ಕಾರ್ಯಾಚರಣಾ ವ್ಯವಸ್ಥೆಗಳ ಒಂದು ಭೇದದ ವಿಮರ್ಶೆ

೧

ಒಂದೇ ಕಡತವನ್ನು ಎರಡು ಕ್ರಮವಿಧಿಗಳು ಏಕಕಾಲದಲ್ಲಿ ತಿದ್ದಲು ತೊಡಗಿದರೆ ಒದಗುವ ಅನರ್ಥವು ಗಣಕಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಲೆಕ್ಕದ ಕಡತವೊಂದರಲ್ಲಿ ೫೦೦ ರೂಪಾಯಿಗಳ ಶಿಲ್ಕು ಇದೆಯೆಂದು ಭಾವಿಸೋಣ. ಮೊದಲನೆಯ ಕ್ರಮವಿಧಿಯು ಆ ಮೊತ್ತವನ್ನು ಓದಿಕೊಂಡು ಅದಕ್ಕೆ ೧೦೦ನ್ನು ಕೂಡಿಸಲು ಹೊರಡುತ್ತದೆ. ಅದು ಬರೆದು ಮುಗಿಸುವ ಮುನ್ನವೇ ಎರಡನೆಯದು ಅದೇ ೫೦೦ನ್ನು ಓದಿಕೊಂಡು ೫೦ನ್ನು ಕಳೆಯುತ್ತದೆ. ಕೊನೆಯಲ್ಲಿ ಕಡತದಲ್ಲಿ ಉಳಿಯುವುದು ೬೦೦ ಅಥವಾ ೪೫೦, ಉಳಿಯಬೇಕಾಗಿದ್ದುದಾದರೋ ೫೫೦. ಎರಡು ಕ್ರಮವಿಧಿಗಳಲ್ಲಿ ಯಾವುದೂ ತಪ್ಪು ಲೆಕ್ಕ ಮಾಡಲಿಲ್ಲ. ಆದರೂ ಲೆಕ್ಕ ತಪ್ಪಿತು. ಈ ಅನರ್ಥವನ್ನು ತಡೆಯಲೆಂದೇ ಕಡತಕ್ಕೆ ಬೀಗ ಹಾಕುವ ಏರ್ಪಾಡು ಹುಟ್ಟಿಕೊಂಡಿತು.

ಬೀಗದ ಅವಶ್ಯಕತೆಯ ವಿಷಯದಲ್ಲಿ ಇಂದು ಭಿನ್ನಾಭಿಪ್ರಾಯವಿಲ್ಲ. ಆದರೆ ಬೀಗವೆಂದರೇನು ಎಂಬ ವಿಷಯದಲ್ಲಿ ಕಾರ್ಯಾಚರಣಾ ವ್ಯವಸ್ಥೆಗಳು ಒಮ್ಮತಕ್ಕೆ ಬಂದಿಲ್ಲ. ಪಾಠಪುಸ್ತಕಗಳಲ್ಲಿ ಈ ಭೇದವನ್ನು ಸಾಮಾನ್ಯವಾಗಿ ಒಂದು ಸುಲಭ ಸೂತ್ರದಲ್ಲಿ ಹೇಳಿ ಮುಗಿಸುವ ವಾಡಿಕೆಯುಂಟು: ಯೂನಿಕ್ಸ್ ಸಂತತಿಯ ವ್ಯವಸ್ಥೆಗಳಲ್ಲಿ ಬೀಗವು ಸಲಹಾತ್ಮಕ, ವಿಂಡೋಸಿನಲ್ಲಿ ಕಡ್ಡಾಯ. ಅಂದರೆ ಮೊದಲನೆಯದರಲ್ಲಿ ಬೀಗವನ್ನು ವಿಚಾರಿಸದೆ ಒಳಹೊಕ್ಕವನನ್ನು ವ್ಯವಸ್ಥೆ ತಡೆಯುವುದಿಲ್ಲ, ಎರಡನೆಯದರಲ್ಲಿ ತಡೆಯುತ್ತದೆ. ಈ ಸೂತ್ರ ಸುಳ್ಳಲ್ಲ. ಆದರೆ ಅದು ಅಪೂರ್ಣವೆಂದೂ, ಅದನ್ನೇ ನೆಚ್ಚಿಕೊಂಡ ವಿದ್ಯಾರ್ಥಿಯು ನಿಜವಾದ ಅಪಾಯವಿರುವ ಸ್ಥಳವನ್ನು ಕಾಣದೆಯೇ ಹೋಗುವನೆಂದೂ ನಾವು ಭಾವಿಸುತ್ತೇವೆ. ಬೀಗವು ಎಷ್ಟು ಗಟ್ಟಿ ಎಂಬುದು ಎರಡನೆಯ ಪ್ರಶ್ನೆ. ಬೀಗದ ಒಡೆಯನು ಯಾರು, ಅದು ಕಾಯುತ್ತಿರುವ ವಸ್ತು ಯಾವುದು — ಇದು ಮೊದಲನೆಯ ಪ್ರಶ್ನೆ. ಪ್ರಕೃತ ಲೇಖನದಲ್ಲಿ ಈ ಮೊದಲನೆಯ ಪ್ರಶ್ನೆಯನ್ನು ಹಿಡಿದು ಆಯಾ ವ್ಯವಸ್ಥೆಗಳು ಕೊಟ್ಟಿರುವ ಉತ್ತರಗಳನ್ನು ವಿಮರ್ಶಿಸಲು ಯತ್ನಿಸುತ್ತೇವೆ.

೨

ಚರ್ಚೆಯನ್ನು ಯೂನಿಕ್ಸಿನ ಕರ್ತೃಗಳಿಂದಲೇ ಆರಂಭಿಸುವುದು ಯುಕ್ತ. ಡೆನ್ನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ಅವರು ೧೯೭೪ರಲ್ಲಿ ಪ್ರಕಟಿಸಿದ ತಮ್ಮ ಸುಪ್ರಸಿದ್ಧ ಪ್ರಬಂಧದಲ್ಲಿ, ತಮ್ಮ ವ್ಯವಸ್ಥೆಯಲ್ಲಿ ಬಳಕೆದಾರರಿಗೆ ಕಾಣುವಂತಹ ಬೀಗಗಳೇ ಇಲ್ಲವೆಂಬುದನ್ನು ಮುಚ್ಚಿಡದೆ ಹೇಳಿ, ಅದಕ್ಕೆ ಎರಡು ಸಮರ್ಥನೆಗಳನ್ನು ನೀಡಿದರು. ಬೀಗಗಳು ಅವಶ್ಯಕವಲ್ಲ, ಏಕೆಂದರೆ ಪರಸ್ಪರ ಸಂಬಂಧವಿಲ್ಲದ ಪ್ರಕ್ರಿಯೆಗಳು ಕೂಡಿ ನಿರ್ವಹಿಸುವ ದೊಡ್ಡ ದತ್ತಸಂಚಯದ ಕಡತಗಳು ತಮ್ಮಲ್ಲಿ ಇಲ್ಲ. ಬೀಗಗಳು ಸಾಲುವುದೂ ಇಲ್ಲ. ಏಕೆಂದರೆ ಸಂಪಾದಕ ಕ್ರಮವಿಧಿಯು ಕಡತದ ಒಂದು ಪ್ರತಿಯನ್ನು ಮಾಡಿಕೊಂಡು ಆ ಪ್ರತಿಯನ್ನು ತಿದ್ದುತ್ತದೆ. ಇಬ್ಬರು ಹೀಗೆ ತಿದ್ದುತ್ತಿದ್ದರೆ, ಒಬ್ಬನು ಓದುತ್ತಿರುವಾಗ ಮತ್ತೊಬ್ಬನು ಬರೆಯಬಾರದೆಂಬ ಸಾಮಾನ್ಯ ಬೀಗವು ಅವರ ಗೊಂದಲವನ್ನು ತಡೆಯಲಾರದು.

ಈ ಎರಡು ವಾದಗಳ ಬೆಲೆ ಒಂದೇ ಅಲ್ಲ. ಮೊದಲನೆಯದು ಕಾಲಧರ್ಮಕ್ಕೆ ಸೇರಿದ್ದು. ದತ್ತಸಂಚಯಗಳು ಯೂನಿಕ್ಸಿಗೆ ಬಂದೊಡನೆಯೇ ಅದು ಬಿದ್ದುಹೋಯಿತು. ಎರಡನೆಯದು ಮಾತ್ರ ಇಂದಿಗೂ ನಿಂತಿದೆ. ಬೀಗವು ಕಡತದ ಬೈಟುಗಳನ್ನು ಕಾಯಬಲ್ಲುದೇ ಹೊರತು ಬಳಕೆದಾರನ ಉದ್ದೇಶವನ್ನು ಕಾಯಲಾರದು ಎಂಬ ಸೂಕ್ಷ್ಮವನ್ನು ಅವರು ಆಗಲೇ ಕಂಡಿದ್ದರು. ಖೇದದ ಸಂಗತಿಯೆಂದರೆ, ಮುಂದಿನವರು ಬಿದ್ದುಹೋದ ಮೊದಲನೆಯ ವಾದಕ್ಕೆ ಉತ್ತರವಾಗಿ ಬೀಗಗಳನ್ನು ಸೇರಿಸುತ್ತ ಹೋದರು. ನಿಂತಿರುವ ಎರಡನೆಯ ವಾದವನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬ ಗಾದೆಯಲ್ಲಿ ಬಾಗಿಲು ಒಂದಾದರೂ ಇದೆ. ಯೂನಿಕ್ಸಿಗೆ ಬಂದುದು ಒಂದು ಬಾಗಿಲಲ್ಲ, ಒಂದನ್ನೊಂದು ಅರಿಯದ ಹಲವು ಬಾಗಿಲುಗಳು.

೩

ಈ ಬೀಗಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದು ೧೯೮೩ರಲ್ಲಿ ಬರ್ಕ್ಲಿಯ ೪.೨ ಬಿ.ಎಸ್.ಡಿ. ಆವೃತ್ತಿಯೊಡನೆ ಬಂದ ಎಫ್‌ಲಾಕ್. ಎರಡನೆಯದು ೧೯೮೮ರ ಪಾಸಿಕ್ಸ್ ಪ್ರಮಾಣಗ್ರಂಥವು ಅಂಗೀಕರಿಸಿದ ಎಫ್‌ಸಿಎನ್‌ಟಿಎಲ್ ಬೀಗ. ಎರಡೂ ಸಲಹಾತ್ಮಕವೇ. ಎಫ್‌ಲಾಕ್ ಇಡೀ ಕಡತಕ್ಕೆ ಬೀಳುತ್ತದೆ. ಪಾಸಿಕ್ಸ್ ಬೀಗವು ಕಡತದ ಇಂತಿಷ್ಟು ಬೈಟುಗಳ ಭಾಗಕ್ಕೂ ಬೀಳಬಲ್ಲುದು. ದತ್ತಸಂಚಯಗಳಿಗೆ ಬೇಕಾದದ್ದು ಎರಡನೆಯ ಬಗೆಯದೇ ಆದುದರಿಂದ ಅದು ಮುಂದುವರಿದ ರೂಪವೆಂದು ಮೇಲುನೋಟಕ್ಕೆ ತೋರುತ್ತದೆ. ಒಡೆತನದ ಪ್ರಶ್ನೆಯನ್ನು ಕೇಳಿದಾಗ ಈ ಅಭಿಪ್ರಾಯವು ತಲೆಕೆಳಗಾಗುತ್ತದೆ.

ಕ್ರಮವಿಧಿಯೊಂದು ಕಡತವನ್ನು ತೆರೆದಾಗಲೆಲ್ಲ ವ್ಯವಸ್ಥೆಯು ತನ್ನ ಪಟ್ಟಿಯಲ್ಲಿ ಒಂದು ನಮೂದನ್ನು ಬರೆದುಕೊಳ್ಳುತ್ತದೆ. ಇದನ್ನು ‘ತೆರೆವಿನ ನಮೂದು’ ಎಂದು ಇಲ್ಲಿ ಕರೆಯೋಣ. ಎಫ್‌ಲಾಕ್ ಬೀಗದ ಒಡೆತನ ಈ ನಮೂದಿನದು. ಒಂದೇ ಪ್ರಕ್ರಿಯೆಯು ಅದೇ ಕಡತವನ್ನು ಎರಡು ಸಲ ಪ್ರತ್ಯೇಕವಾಗಿ ತೆರೆದರೆ ಎರಡು ನಮೂದುಗಳಾಗುತ್ತವೆ; ಒಂದರ ಬೀಗ ಇನ್ನೊಂದನ್ನು ತಡೆಯುತ್ತದೆ. ಪ್ರಕ್ರಿಯೆಯಿಂದ ಶಿಶುಪ್ರಕ್ರಿಯೆ ಹುಟ್ಟಿದರೆ ಅದೂ ಆ ನಮೂದಿನ ಪಾಲುದಾರನಾಗುತ್ತದೆ. ಪಾಸಿಕ್ಸ್ ಬೀಗದ ಒಡೆತನವಾದರೋ ಪ್ರಕ್ರಿಯೆಯದು. ಒಂದೇ ಪ್ರಕ್ರಿಯೆಯೊಳಗೆ ಎಷ್ಟು ಸಲ ತೆರೆದರೂ ಒಡೆಯನು ಒಬ್ಬನೇ. ಆದುದರಿಂದ ಅದರೊಳಗಿನ ಎರಡು ಎಳೆಗಳು ಪರಸ್ಪರ ತಡೆಯಲಾರವು. ಶಿಶುಪ್ರಕ್ರಿಯೆಗೆ ಬೀಗವು ಪಿತ್ರಾರ್ಜಿತವಾಗಿ ಬರುವುದಿಲ್ಲ. ಇವುಗಳಿಗಿಂತಲೂ ವಿಚಿತ್ರವಾದ ಇನ್ನೊಂದು ನಿಯಮವುಂಟು: ಪ್ರಕ್ರಿಯೆಯು ಒಂದು ಕಡತದ ಯಾವುದಾದರೂ ಒಂದು ತೆರೆವನ್ನು ಮುಚ್ಚಿದರೆ, ಆ ಕಡತದ ಮೇಲೆ ಅದು ಹೊಂದಿರುವ ಸಮಸ್ತ ಬೀಗಗಳೂ ಕಳಚಿಬೀಳುತ್ತವೆ.

ಇದರ ಫಲವೇನೆಂಬುದನ್ನು ಉದಾಹರಣೆಯಿಂದ ನೋಡೋಣ. ಕ್ರಮವಿಧಿಯೊಂದು ಲೆಕ್ಕದ ಕಡತವನ್ನು ತೆರೆದು, ವಿಧಿವತ್ತಾಗಿ ಬೀಗ ಹಾಕಿ, ಬರೆಯಲು ತೊಡಗುತ್ತದೆ. ನಡುವೆ ಯಾವುದೋ ಸಣ್ಣ ಕೆಲಸಕ್ಕಾಗಿ ಮತ್ತೊಬ್ಬರು ಬರೆದ ಉಪಕ್ರಮವನ್ನು ಕರೆಯುತ್ತದೆ. ಆ ಉಪಕ್ರಮವು ಅದೇ ಕಡತವನ್ನು ತಾನೂ ಒಮ್ಮೆ ತೆರೆದು, ಮೊದಲ ಸಾಲನ್ನು ಓದಿ, ಸಭ್ಯತೆಯಿಂದ ಮುಚ್ಚಿ ಹಿಂದಿರುಗುತ್ತದೆ. ಆ ಕ್ಷಣವೇ ಮೂಲ ಕ್ರಮವಿಧಿಯ ಬೀಗ ಇಲ್ಲವಾಯಿತು. ದೋಷಸೂಚನೆ ಯಾವುದೂ ಬರಲಿಲ್ಲ. ಬೀಗವಿದೆಯೆಂದು ನಂಬಿಕೊಂಡೇ ಅದು ಬರೆಯುವುದನ್ನು ಮುಂದುವರಿಸುತ್ತದೆ. ಹೊರಗೆ ಕಾಯುತ್ತಿದ್ದ ಎರಡನೆಯ ಕ್ರಮವಿಧಿಯು ನ್ಯಾಯವಾಗಿಯೇ ಒಳಬಂದು ತಾನೂ ಬರೆಯುತ್ತದೆ. ಎರಡೂ ಸಲಹೆಯನ್ನು ಪಾಲಿಸಿವೆ. ಆದರೂ ಲೆಕ್ಕ ಕೆಟ್ಟಿತು. ಇಲ್ಲಿ ದೋಷವು ಸಲಹಾತ್ಮಕತೆಯದಲ್ಲವೆಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ದೋಷವಿರುವುದು ಒಡೆಯನ ಆಯ್ಕೆಯಲ್ಲಿ. ಬೀಗ ಹಾಕಿದವನು ಕ್ರಮವಿಧಿಯ ಒಂದು ಭಾಗ. ಅದನ್ನು ತೆಗೆದವನು ಅದರ ಅರಿವೇ ಇಲ್ಲದ ಮತ್ತೊಂದು ಭಾಗ. ಪ್ರಮಾಣಗ್ರಂಥದ ದೃಷ್ಟಿಯಲ್ಲಿ ಇಬ್ಬರೂ ಒಬ್ಬರೇ.

ಇಷ್ಟೇ ಅಲ್ಲದೆ, ಈ ಎರಡು ಬೀಗಗಳ ಪರಸ್ಪರ ಸಂಬಂಧವೂ ಎಲ್ಲೆಡೆ ಒಂದೇ ತೆರನಾಗಿಲ್ಲ. ಲಿನಕ್ಸಿನಲ್ಲಿ ಸ್ಥಳೀಯ ಕಡತಗಳ ಮೇಲೆ ಎಫ್‌ಲಾಕ್ ಹಾಕಿದವನನ್ನು ಎಫ್‌ಸಿಎನ್‌ಟಿಎಲ್ ಹಾಕುವವನು ಕಾಣುವುದೇ ಇಲ್ಲ, ಬಿ.ಎಸ್.ಡಿ. ಸಂತತಿಯ ಕೆಲವು ವ್ಯವಸ್ಥೆಗಳಲ್ಲಿ ಅವು ಪರಸ್ಪರ ತಡೆಯುತ್ತವೆ. ಅಂಚೆಪೆಟ್ಟಿಗೆಯ ಕಡತಕ್ಕೆ ಪತ್ರವನ್ನು ಸೇರಿಸುವ ಕ್ರಮವಿಧಿಯೂ ಅದನ್ನು ಓದುವ ಕ್ರಮವಿಧಿಯೂ ಬೇರೆ ಬೇರೆ ಬೀಗಗಳನ್ನು ಬಳಸಿದರೆ ಪತ್ರಗಳು ಹಾಳಾಗುವುದು ನಿಶ್ಚಯ. ಈ ಕಾರಣದಿಂದಲೇ ಲಿನಕ್ಸಿನ ಡೆಬಿಯನ್ ವಿತರಣೆಯ ನೀತಿಗ್ರಂಥವು ಅಂಚೆಪೆಟ್ಟಿಗೆಗೆ ಎಫ್‌ಸಿಎನ್‌ಟಿಎಲ್ ಬೀಗವನ್ನೂ, ಪಕ್ಕದಲ್ಲಿ ಬೇರೊಂದು ಕಡತವನ್ನು ಸೃಷ್ಟಿಸಿ ಗುರುತಿಡುವ ಹಳೆಯ ಪದ್ಧತಿಯನ್ನೂ ಎರಡನ್ನೂ ಬಳಸಬೇಕೆಂದು ವಿಧಿಸಿತು. ಒಂದು ಬಾಗಿಲಿಗೆ ಎರಡು ಬೀಗ ಹಾಕಬೇಕಾಗಿ ಬರುವುದು ಬೀಗಗಳ ಹಿರಿಮೆಯನ್ನಂತೂ ಸೂಚಿಸುವುದಿಲ್ಲ.

೪

ಹಾಗಾದರೆ ಕಡ್ಡಾಯವಾದ ಬೀಗವೇ ಪರಿಹಾರವಲ್ಲವೆ? ಈ ಪ್ರಶ್ನೆ ಸಹಜ. ಯೂನಿಕ್ಸ್ ಸಂತತಿಯೂ ಅದನ್ನು ಕೇಳಿಕೊಂಡಿತು. ಸಿಸ್ಟಮ್ ಫೈವ್ ಯೂನಿಕ್ಸಿನ ಮೂರನೆಯ ಬಿಡುಗಡೆಯಲ್ಲಿ, ಕಡತದ ಅನುಮತಿಚಿಹ್ನೆಗಳಲ್ಲಿ ಗುಂಪಿನ ಗುರುತನ್ನು ವಹಿಸಿಕೊಡುವ ಚಿಹ್ನೆಯನ್ನು ಇರಿಸಿ ಗುಂಪಿನ ನಿರ್ವಹಣಾನುಮತಿಯನ್ನು ತೆಗೆದರೆ, ಆ ಕಡತದ ಬೀಗವು ಕಡ್ಡಾಯವಾಗುವ ಏರ್ಪಾಡನ್ನು ಮಾಡಲಾಯಿತು. ಲಿನಕ್ಸ್ ಅದನ್ನು ಅನುಕರಿಸಿತು. ಆದರೆ ಲಿನಕ್ಸಿನ ಅನುಷ್ಠಾನದಲ್ಲಿ, ಬೀಗವನ್ನು ಪರೀಕ್ಷಿಸುವುದಕ್ಕೂ ಬರೆಯುವುದಕ್ಕೂ ನಡುವಣ ಕಿರು ಅವಧಿಯಲ್ಲಿ ಬೀಗದ ಸ್ಥಿತಿ ಬದಲಾಗಬಹುದಾಗಿತ್ತು. ಆದುದರಿಂದ ಕಡ್ಡಾಯವೆಂಬ ಹೆಸರಿನ ಬೀಗವನ್ನು ನೆಚ್ಚುವಂತಿಲ್ಲವೆಂದು ಅದರ ಕೈಪಿಡಿಯೇ ಎಚ್ಚರಿಸುತ್ತಿತ್ತು. ಬಳಸುವವರು ವಿರಳರಾದರು. ೨೦೨೧ರಲ್ಲಿ ಹೊರಬಂದ ಲಿನಕ್ಸಿನ ೫.೧೫ನೆಯ ಆವೃತ್ತಿಯಲ್ಲಿ ಆ ಏರ್ಪಾಡನ್ನು ಪೂರ್ಣವಾಗಿ ಕಿತ್ತುಹಾಕಲಾಯಿತು. ಕಡ್ಡಾಯ ಎಂಬ ಗುಣವನ್ನು ಸಲಹೆಯ ತಳಹದಿಯ ಮೇಲೆ ಮೇಲುಮಾಳಿಗೆಯಾಗಿ ಕಟ್ಟಲು ಬಾರದೆಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ವಿಂಡೋಸಿನ ಮಾರ್ಗ ಬೇರೆ. ಅದರ ಮೂಲವು ೧೯೮೪ರ ಎಂ.ಎಸ್.-ಡಾಸ್ ೩.೦ರೊಡನೆ ಬಂದ ‘ಶೇರ್’ ಎಂಬ ಕ್ರಮವಿಧಿಯಲ್ಲಿದೆ. ಇಲ್ಲಿ ಪ್ರಶ್ನೆಯನ್ನು ಬೀಗ ಹಾಕುವಾಗಲ್ಲ, ಕಡತವನ್ನು ತೆರೆಯುವಾಗಲೇ ಕೇಳಲಾಗುತ್ತದೆ. ತೆರೆಯುವವನು ತನಗೆ ಏನು ಬೇಕೆಂಬುದನ್ನು ಹೇಳುವುದರ ಜೊತೆಗೆ, ಉಳಿದವರು ಓದಬಹುದೆ, ಬರೆಯಬಹುದೆ, ಅಳಿಸಬಹುದೆ ಎಂಬುದನ್ನೂ ಘೋಷಿಸಬೇಕು. ಆ ಘೋಷಣೆಗೆ ವಿರುದ್ಧವಾಗಿ ತೆರೆಯಲು ಬಂದವನಿಗೆ ಬಾಗಿಲಲ್ಲೇ ನಿರಾಕರಣೆ. ಇದಲ್ಲದೆ ಬೈಟುಗಳ ಭಾಗಕ್ಕೆ ಹಾಕುವ ಬೀಗವೂ ಉಂಟು. ಅದರ ಒಡೆತನವು ಆ ತೆರೆವಿನ ಹಿಡಿಕೆಯದು. ಪ್ರತ್ಯೇಕವಾಗಿ ಬೀಗ ಹಾಕಿಟ್ಟ ಭಾಗವನ್ನು ಅದೇ ಪ್ರಕ್ರಿಯೆಯು ಮತ್ತೊಂದು ಹಿಡಿಕೆಯ ಮೂಲಕ ಓದಹೋದರೂ ವ್ಯವಸ್ಥೆ ತಡೆಯುತ್ತದೆ. ಮೇಲೆ ವಿವರಿಸಿದ ಪಾಸಿಕ್ಸಿನ ಅನರ್ಥವು ಇಲ್ಲಿ ಸಂಭವಿಸದು. ಈ ಗುಣವನ್ನು ಯೂನಿಕ್ಸ್ ಪಕ್ಷಪಾತಿಗಳು ಧಾರಾಳವಾಗಿ ಒಪ್ಪಬೇಕೆಂದು ನಮ್ಮ ಮತ. ಹಾಗೆಂದು ಈ ಕಡ್ಡಾಯವೂ ಸಂಪೂರ್ಣವಲ್ಲ. ಕಡತವನ್ನು ಸ್ಮೃತಿಗೆ ನಕ್ಷೆಯಾಗಿಸಿಕೊಂಡು ಓದುವವನಿಗೆ ಬೈಟುಗಳ ಬೀಗ ಅಡ್ಡಬರುವುದಿಲ್ಲ.

ವಿಂಡೋಸಿನ ನಿಜವಾದ ತೊಡಕು ಬೇರೆಡೆ ಇದೆ. ಅಲ್ಲಿ ತೆರೆವು ಕಡತದ ಒಳಗಿನ ಬೈಟುಗಳನ್ನಷ್ಟೇ ಅಲ್ಲದೆ ಅದರ ಹೆಸರನ್ನೂ ಹಿಡಿದುಕೊಂಡಿತು. ಅಳಿಸುವುದಕ್ಕೆ ಅನುಮತಿ ನೀಡದೆ ಯಾವನಾದರೂ ಕಡತವನ್ನು ತೆರೆದಿದ್ದರೆ ಅದನ್ನು ಅಳಿಸುವಂತಿಲ್ಲ, ಹೆಸರು ಬದಲಾಯಿಸುವಂತಿಲ್ಲ. ಅನುಮತಿಯಿದ್ದರೂ ಕೊನೆಯ ಹಿಡಿಕೆ ಮುಚ್ಚುವವರೆಗೆ ಹೆಸರು ಅಲ್ಲೇ ಉಳಿಯುತ್ತಿತ್ತು. ಅದೇ ಹೆಸರಿನ ಹೊಸ ಕಡತವನ್ನು ಸೃಷ್ಟಿಸಲು ಸಾಧ್ಯವಾಗುತ್ತಿರಲಿಲ್ಲ. ಬಳಕೆಯಲ್ಲಿರುವ ಕಡತಗಳನ್ನು ಬದಲಿಸಬೇಕಾದಾಗ ಯಂತ್ರವನ್ನು ಮತ್ತೆ ಆರಂಭಿಸಬೇಕಾಗಿ ಬರುವುದಕ್ಕೆ ಇದೊಂದು ಮುಖ್ಯ ಕಾರಣ. ವಿಂಡೋಸ್ ೧೦ರ ಕಾಲದಲ್ಲಿ, ಹೆಸರನ್ನು ಕೂಡಲೆ ತೆಗೆದುಹಾಕಿ ವಸ್ತುವನ್ನು ಮಾತ್ರ ಉಳಿಸಿಕೊಳ್ಳುವ ಪಾಸಿಕ್ಸ್ ರೀತಿಯ ಅಳಿಸುವಿಕೆಯನ್ನು ಮೈಕ್ರೋಸಾಫ್ಟ್ ತಾನೂ ಸೇರಿಸಿತೆಂಬುದು ಸ್ವಾರಸ್ಯದ ಸಂಗತಿ.

ಯೂನಿಕ್ಸಿನಲ್ಲಿ ಹೆಸರು ಬೇರೆ, ಕಡತ ಬೇರೆ. ಹೆಸರನ್ನು ಅಳಿಸಿದರೂ ಅದನ್ನು ತೆರೆದಿಟ್ಟುಕೊಂಡವನು ಬಿಡುವವರೆಗೆ ಕಡತವು ಜೀವಿಸಿರುತ್ತದೆ. ಈ ಸ್ವಾತಂತ್ರ್ಯಕ್ಕೂ ಬೆಲೆಯುಂಟು. ಬೀಗವು ಹೆಸರಿಗಲ್ಲದೆ ವಸ್ತುವಿಗೆ ಅಂಟಿಕೊಂಡಿರುವುದರಿಂದ, ಒಬ್ಬನು ಬೀಗ ಹಾಕಿಕೊಂಡು ಕುಳಿತಿರುವಾಗ ಮತ್ತೊಬ್ಬನು ಹೊಸ ಕಡತವೊಂದನ್ನು ಬರೆದು ಅದೇ ಹೆಸರಿಗೆ ತಂದಿರಿಸಬಹುದು. ಮೂರನೆಯವನು ಬಂದು ಆ ಹೆಸರಿನಿಂದ ತೆರೆದರೆ ಅವನಿಗೆ ದೊರೆಯುವುದು ಹೊಸ ಕಡತ. ಅದಕ್ಕೆ ಅವನೂ ಸುಖವಾಗಿ ಬೀಗ ಹಾಕುತ್ತಾನೆ. ಇಬ್ಬರ ಕೈಯಲ್ಲೂ ಬೀಗ. ಒಬ್ಬನದು ಹೆಸರಿಲ್ಲದ ಕಡತದ ಬೀಗ. ರಿಚಿ ಮತ್ತು ಥಾಂಪ್ಸನ್ನರ ಎರಡನೆಯ ವಾದವು ಇಲ್ಲಿ ಮತ್ತೆ ಮೈದೋರುವುದನ್ನು ಕಾಣಬಹುದು: ಪ್ರತಿ ಮಾಡಿಕೊಂಡು ತಿದ್ದುವವರ ಲೋಕದಲ್ಲಿ ಬೀಗವು ಯಾವ ವಸ್ತುವಿನದೆಂಬುದೇ ಸಂದಿಗ್ಧ.

೫

ಕಡತವು ಒಂದೇ ಯಂತ್ರದಲ್ಲಿರದೆ ಜಾಲದ ಆಚೆ ತುದಿಯಲ್ಲಿದ್ದರೆ ಒಡೆಯನನ್ನು ಗುರುತಿಸುವುದು ಇನ್ನೂ ಕಠಿನ. ಸನ್ ಸಂಸ್ಥೆಯ ಎನ್.ಎಫ್.ಎಸ್. ಎಂಬ ಜಾಲಕಡತ ವ್ಯವಸ್ಥೆಯು, ಬಂದ ಕೋರಿಕೆಗಳ ನೆನಪನ್ನು ಇಟ್ಟುಕೊಳ್ಳದ ಪರಿಚಾರಕವೆಂಬ ತತ್ತ್ವದ ಮೇಲೆ ರಚಿತವಾಯಿತು. ಬೀಗವಾದರೋ ನೆನಪೇ. ಆದುದರಿಂದ ಬೀಗಗಳಿಗೆ ಬೇರೆಯೇ ಒಂದು ಸಂವಹನನಿಯಮವನ್ನು ಕಲ್ಪಿಸಬೇಕಾಯಿತು. ನಾಲ್ಕನೆಯ ಆವೃತ್ತಿಯಲ್ಲಿ ಮಾತ್ರ ಬೀಗಗಳು ಮುಖ್ಯ ನಿಯಮದೊಳಕ್ಕೆ ಬಂದು, ಕಾಲಮಿತಿಯುಳ್ಳ ಗುತ್ತಿಗೆಯ ರೂಪವನ್ನು ತಾಳಿದುವು. ೨೦೦೫ರ ಲಿನಕ್ಸ್ ೨.೬.೧೨ರಿಂದ ಎನ್.ಎಫ್.ಎಸ್. ಕಡತದ ಮೇಲೆ ಹಾಕಿದ ಎಫ್‌ಲಾಕ್ ಅನ್ನು ಇಡೀ ಕಡತದ ಬೈಟುಬೀಗವಾಗಿ ರೂಪಾಂತರಿಸಲಾಗುತ್ತದೆ. ಇದರ ಪರಿಣಾಮವಾಗಿ ಸ್ಥಳೀಯವಾಗಿ ಒಂದನ್ನೊಂದು ಅರಿಯದ ಎರಡು ಬೀಗಗಳು ಜಾಲದ ಮೇಲೆ ಪರಸ್ಪರ ತಡೆಯುತ್ತವೆ. ಓದುವುದಕ್ಕೆಂದು ಮಾತ್ರ ತೆರೆದ ಕಡತಕ್ಕೆ ಸ್ಥಳೀಯವಾಗಿ ದೊರೆಯುತ್ತಿದ್ದ ಏಕಸ್ವಾಮ್ಯದ ಬೀಗವು ಜಾಲದ ಮೇಲೆ ದೊರೆಯುವುದಿಲ್ಲ. ಒಂದೇ ಕ್ರಮವಿಧಿ, ಒಂದೇ ಕಾರ್ಯಾಚರಣಾ ವ್ಯವಸ್ಥೆ. ಕಡತವಿರುವ ತಾವು ಬದಲಾದೊಡನೆ ಬೀಗದ ಅರ್ಥವೇ ಬದಲಾಯಿತು.

ಇಂತಹ ಭೇದಗಳನ್ನು ಮರೆಮಾಡುವುದಾಗಿ ಹೇಳುವ ಭಾಷೆಗಳೂ ಕೊನೆಗೆ ಸತ್ಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ೨೦೦೨ರ ಜಾವಾ ೧.೪ರಲ್ಲಿ ಬಂದ ಕಡತಬೀಗದ ವರ್ಗವು, ಬೀಗವು ಕಡ್ಡಾಯವೋ ಸಲಹೆಯೋ ಎಂಬುದು ಆಯಾ ವ್ಯವಸ್ಥೆಗೆ ಬಿಟ್ಟದ್ದೆಂದು ತನ್ನ ವಿವರಣೆಯಲ್ಲೇ ತಿಳಿಸುತ್ತದೆ.

೬

ಈ ಎಲ್ಲ ಮತಭೇದಗಳ ನಡುವೆ ಬಾಳಬೇಕಾದ ಕೃತಿಯೊಂದು ಅವುಗಳನ್ನು ಹೇಗೆ ನಿರ್ವಹಿಸಿತೆಂಬುದನ್ನು ನೋಡುವುದು ಬೋಧಪ್ರದ. ರಿಚರ್ಡ್ ಹಿಪ್ ಅವರು ೨೦೦೦ದಲ್ಲಿ ಹೊರತಂದ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯವು ಒಂದೇ ಕಡತದಲ್ಲಿ ನೆಲೆಸುವಂತಹುದು. ಅದು ಯೂನಿಕ್ಸಿನಲ್ಲೂ ವಿಂಡೋಸಿನಲ್ಲೂ ನಡೆಯಬೇಕು. ಅದರ ಮೂರನೆಯ ಆವೃತ್ತಿಯು ಬೀಗಕ್ಕೆಂದು ಕಡತದ ಆದಿಯನ್ನಾಗಲಿ ದತ್ತವಿರುವ ಭಾಗವನ್ನಾಗಲಿ ಬಳಸದೆ, ಎರಡರ ಮೂವತ್ತನೆಯ ಘಾತದಲ್ಲಿ, ಎಂದರೆ ಒಂದು ಗಿಗಾಬೈಟಿನ ಗಡಿಯಲ್ಲಿ, ೫೧೨ ಬೈಟುಗಳನ್ನು ಮೀಸಲಿಟ್ಟಿತು. ಆ ಬೈಟುಗಳಲ್ಲಿ ದತ್ತವನ್ನು ಎಂದೂ ಬರೆಯುವುದಿಲ್ಲ. ಕಡತವು ಅಷ್ಟು ದೊಡ್ಡದಾಗಿಲ್ಲದಿದ್ದರೆ ಆ ಬೈಟುಗಳೇ ಇರುವುದಿಲ್ಲ, ಬೀಗ ಮಾತ್ರ ಇರುತ್ತದೆ. ಕಾರಣ ಸ್ಪಷ್ಟ: ವಿಂಡೋಸಿನಲ್ಲಿ ಬೀಗ ಹಾಕಿದ ಬೈಟನ್ನು ಯಾರೂ ಓದಲಾರರು, ಆದುದರಿಂದ ಯಾರಿಗೂ ಓದಬೇಕಾಗಿಲ್ಲದ ಬೈಟಿಗೇ ಬೀಗ ಹಾಕಬೇಕು. ಇದರಿಂದ ಕಡ್ಡಾಯದ ಬೀಗವು ಸಲಹೆಯ ಬೀಗವಾಗಿ ಪರಿಣಮಿಸಿತು. ಇನ್ನು ಯೂನಿಕ್ಸಿನಲ್ಲಿ ಪಾಸಿಕ್ಸಿನ ಮುಚ್ಚುವ ನಿಯಮಕ್ಕೆ ಅಂಜಿ, ಅದೇ ಪ್ರಕ್ರಿಯೆಯಲ್ಲಿ ಆ ಕಡತದ ಮೇಲೆ ಬೀಗ ಉಳಿದಿರುವವರೆಗೆ ಅದು ಯಾವ ತೆರೆವನ್ನೂ ಮುಚ್ಚದೆ, ಮುಚ್ಚಬೇಕಾದುವನ್ನು ಪಟ್ಟಿ ಮಾಡಿ ಕಾದಿಟ್ಟುಕೊಳ್ಳುತ್ತದೆ.

ಈ ಕೃತಿಯು ನಮ್ಮ ವಾದಕ್ಕೆ ಪುಷ್ಟಿ ನೀಡುತ್ತದೆಂದು ಹೇಳಬಹುದು. ಕಡ್ಡಾಯವನ್ನು ಸಲಹೆಯಾಗಿ ಮಾರ್ಪಡಿಸಲು ಅದಕ್ಕೆ ಬೇಕಾದದ್ದು ಒಂದು ಸ್ಥಳದ ಆಯ್ಕೆ ಮಾತ್ರ. ಆ ತೊಂದರೆ ಒಮ್ಮೆಗೇ ಮುಗಿಯಿತು. ಒಡೆತನದ ದೋಷವನ್ನು ಸರಿಪಡಿಸಲಾದರೋ ಪ್ರಕ್ರಿಯೆಯೊಳಗಿನ ಪ್ರತಿಯೊಂದು ತೆರೆವಿನ ಲೆಕ್ಕವನ್ನೂ ಇಡಬೇಕಾಯಿತು. ಅಷ್ಟಾದರೂ ತನಗೆ ತಿಳಿಯದಂತೆ ಮತ್ತೊಂದು ಉಪಕ್ರಮವು ಆ ಕಡತವನ್ನು ತೆರೆದು ಮುಚ್ಚಿದರೆ ಅದು ನಿರುಪಾಯ.

ಪ್ರಕ್ರಿಯೆಯ ಒಡೆತನವನ್ನು ಸಮರ್ಥಿಸುವವರು, ಪ್ರಕ್ರಿಯೆ ಸತ್ತಾಗ ಬೀಗವೂ ತಾನಾಗಿ ಕಳಚಬೇಕಷ್ಟೆ ಎನ್ನಬಹುದು. ಈ ಸಮರ್ಥನೆ ಸಾಲದು. ಪ್ರಕ್ರಿಯೆ ಸತ್ತಾಗ ಅದು ತೆರೆದಿಟ್ಟ ಕಡತಗಳನ್ನು ವ್ಯವಸ್ಥೆಯೇ ಮುಚ್ಚುತ್ತದೆ. ಪಾಲುದಾರರು ಉಳಿದಿರದಿದ್ದರೆ ತೆರೆವಿನ ನಮೂದಿನೊಡನೆ ಬೀಗವೂ ಹೋಗುತ್ತದೆ. ಅಂದಮೇಲೆ ಒಡೆತನವನ್ನು ನಮೂದಿಗೆ ಕೊಡುವುದರಿಂದ ಕಳೆದುಕೊಳ್ಳುವುದು ಅತ್ಯಲ್ಪ. ೨೦೧೪ರ ಲಿನಕ್ಸ್ ೩.೧೫ರಲ್ಲಿ ಈ ಸತ್ಯಕ್ಕೆ ಮನ್ನಣೆ ದೊರೆಯಿತು. ಪಾಸಿಕ್ಸಿನಂತೆ ಬೈಟುಗಳ ಭಾಗಕ್ಕೆ ಬೀಳುವ, ಎಫ್‌ಲಾಕಿನಂತೆ ತೆರೆವಿನ ನಮೂದಿಗೆ ಸೇರುವ ಹೊಸ ಬೀಗವು ಆಗ ಬಂದಿತು. ೨೦೨೪ರ ಪಾಸಿಕ್ಸ್ ಪ್ರಮಾಣಗ್ರಂಥವೂ ಅದನ್ನು ಅಂಗೀಕರಿಸಿತು. ೧೯೮೮ರಿಂದ ೨೦೨೪ರವರೆಗೆ ೩೬ ವರ್ಷಗಳು. ಹಳೆಯ ಬೀಗವನ್ನು ತೆಗೆದುಹಾಕಲೂ ಇಲ್ಲ. ಅದನ್ನು ನಂಬಿದ ಕ್ರಮವಿಧಿಗಳು ಅಸಂಖ್ಯ. ಪ್ರಮಾಣಗ್ರಂಥದಲ್ಲಿ ಒಮ್ಮೆ ಸೇರಿದ ದೋಷವು ಎಷ್ಟು ದೀರ್ಘಾಯುವೆಂಬುದನ್ನು ಇದರಿಂದ ತಿಳಿಯಬಹುದು.

ಇಷ್ಟು ವಿವೇಚನೆಯ ಬಳಿಕ ನಮಗೆ ತೋರುವ ನಿರ್ಣಯವಿದು. ಬೀಗವು ಸಲಹೆಯಾಗಿರುವುದು ದೋಷವಲ್ಲ. ಸಹಕರಿಸುವ ಕ್ರಮವಿಧಿಗಳ ನಡುವೆ ಸಲಹೆಯೇ ಸಾಕು. ಕಡ್ಡಾಯವಾಗಿರುವುದೂ ಸ್ವತಃ ಗುಣವಲ್ಲ. ಒಡೆಯನು ಯಾರೆಂಬುದನ್ನು ಬೀಗ ಹಾಕುವವನು ನಿಖರವಾಗಿ ಬಲ್ಲವನಾಗಿರಬೇಕು. ಅವನ ಅರಿವಿಲ್ಲದೆ ಬೀಗ ಕಳಚಬಾರದು. ಈ ಒಂದು ಅಳತೆಗೋಲಿನಿಂದ ಅಳೆದರೆ ೧೯೮೩ರ ಎಫ್‌ಲಾಕ್ ತನ್ನ ಅನಂತರ ಬಂದ ಪಾಸಿಕ್ಸ್ ಬೀಗಕ್ಕಿಂತ ಮೇಲು. ಬೈಟುಗಳ ಬೀಗದ ವಿಷಯದಲ್ಲಿ ವಿಂಡೋಸ್ ಎರಡಕ್ಕಿಂತಲೂ ಸ್ಪಷ್ಟ, ಹೆಸರಿನ ವಿಷಯದಲ್ಲಿ ಮಾತ್ರ ಅತಿಯಾದ ಬಿಗಿ. ಯಾವ ವ್ಯವಸ್ಥೆಯಲ್ಲೇ ಆಗಲಿ ಬೀಗವನ್ನು ಬಳಸುವ ಮುನ್ನ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿಕೊಳ್ಳಲಿ: ಇದರ ಒಡೆಯನು ಯಾರು? ಇದು ಕಾಯುವುದು ಹೆಸರನ್ನೋ, ವಸ್ತುವನ್ನೋ, ಬೈಟುಗಳನ್ನೋ? ಇದು ಯಾವಾಗ ಕಳಚುತ್ತದೆ? ಸಲಹೆಯೋ ಕಡ್ಡಾಯವೋ ಎಂಬ ಪ್ರಶ್ನೆ ಇವುಗಳ ಅನಂತರದ್ದು. ತರಗತಿಗಳಲ್ಲಿ ಈ ವಿಷಯವನ್ನು ಬೋಧಿಸುವಾಗಲೂ ಇದೇ ಕ್ರಮವನ್ನು ಅನುಸರಿಸುವುದು ಒಳ್ಳೆಯದು.